ಹಸಿರು ಬಳಿದ ಹಳ್ಳ

“ಅಲ್ಲೇ ನಿಲ್ಲಿ! ಆ ಕೆಸರು ಕಾಲು ನನ್ನ ನಕ್ಷೆ ಮೇಲೆ ಬೇಡ!”

ಬಾಗಿಲಲ್ಲಿದ್ದವನು ತನ್ನ ಕಾಲು ನೋಡಿಕೊಂಡ. ನೆಲದ ತುಂಬ ಕಾಡಿನ ನಕ್ಷೆ ಹರಡಿತ್ತು.

“ನಿಮ್ಮ ನಕ್ಷೆಯಲ್ಲಿರೋ ಹಳ್ಳದ್ದೇ ಕೆಸರು ಮೇಡಂ...” ಎಂದು ನಕ್ಕ.

ಅವಳ ಎದೆ ಯಾಕೋ ಝಲ್ಲೆಂದಿತು!

ಅವನು ಕಾಡಿನ ಹಳ್ಳಗಳ ನೀರು ಅಳೆಯುವವನು. ಅವಳು ನಕ್ಷೆ ಬರೆಯುವವಳು. ಹವಾಮಾನ ಬದಲಾದಂತೆ ಯಾವ ಹಳ್ಳದ ಜಲಾನಯನ, ಅಂದರೆ ಅದಕ್ಕೆ ನೀರು ಹರಿದುಬರುವ ನೆಲ, ಮೊದಲು ಕುಸಿಯುತ್ತದೆ, ಯಾವುದು ತಡೆದುಕೊಳ್ಳುತ್ತದೆ ಎಂದು ಅವನು ಒಂದರಿಂದ ಐದರವರೆಗೆ ಅಂಕೆ ಹಾಕಬೇಕು, ಅವಳು ಬಣ್ಣ ಹಚ್ಚಬೇಕು. ಅಪಾಯಕ್ಕೆ ಕೆಂಪು, ಕ್ಷೇಮಕ್ಕೆ ಹಸಿರು. ಕೆಂಪು ಬಿದ್ದಲ್ಲಿ ಮಳೆಗೆ ಮುಂಚೆ ಸೇತುವೆ ಎತ್ತರಿಸುತ್ತಾರೆ.

ಮೂರು ತಿಂಗಳ ಮೇಲೆ ನಕ್ಷೆ ಸಭೆಯ ಗೋಡೆಗೇರಿತು.

“ಮೂರನೇ ಹಳ್ಳಕ್ಕೆ ಹಸಿರಾ?” ಅವನು ದಿಗ್ಗನೆ ಎದ್ದ. “ಅಲ್ಲಿ ಗುಡ್ಡ ಜರೀತಿದೆ! ಕೆಳಗೆ ಮೂವತ್ತು ಮನೆ ಇದೆ!”

ಎಲ್ಲರೂ ಅವಳತ್ತ ತಿರುಗಿದರು. ಅವಳು ಮಾನ ಉಳಿಸಿಕೊಳ್ಳಬೇಕಿತ್ತು.

“ಐದಕ್ಕೆ ಐದು ಕೊಟ್ಟವರು ನೀವೇ ಅಲ್ವಾ? ನಿಮ್ಮ ಬರಹ ನಿಮಗೇ ಮರೆತುಹೋಯ್ತಾ?”

ಸಭೆ ಗೊಳ್ಳೆಂದಿತು.

“ನೀರಿಗಿಳಿದೂ ಇಳಿದೂ ತಲೆಗೂ ನೀರು ಹೊಕ್ಕಿದೆ!” ಎಂದರು ಯಾರೋ.

ಅವನ ಮಾತು ಆ ನಗೆಯಲ್ಲಿ ಮುಳುಗಿತು. ಮೇಲಧಿಕಾರಿ ಕೈಸನ್ನೆ ಮಾಡಿ ಹೊರಗೆ ಕಳಿಸಿದರು.

ಊಟದ ವಿರಾಮದಲ್ಲಿ ಅವಳು ಅವನ ಅಳತೆ ಪುಸ್ತಕ ತೆರೆದಳು. ಇಷ್ಟು ದಿನ ನೋಡಿದ್ದು ಕೊನೆಯ ಪುಟದ ಅಂಕೆಗಳನ್ನು ಮಾತ್ರ. ಮೊದಲ ಪುಟದಲ್ಲೇ ದುಂಡಗೆ ಬರೆದಿತ್ತು: ‘ಒಂದು ಅಂದರೆ ಗಟ್ಟಿ. ಐದು ಅಂದರೆ ಅಪಾಯ.’

ಅಯ್ಯೋ...! ಶಾಲೆಯ ಅಂಕವೆಂದುಕೊಂಡೆನಲ್ಲ!

ಕಿವಿ ಬಿಸಿಯಾದವು. ಊಟದ ಡಬ್ಬಿ ಮುಚ್ಚಿಟ್ಟಳು. ತಪ್ಪು ಹಾಗಿರಲಿ... ಆ ಮಾತು! ಎಲ್ಲರೆದುರು ಅವನನ್ನು ನಗೆಪಾಟಲು ಮಾಡಿದೆನಲ್ಲ!

ಮೇಲಧಿಕಾರಿಯ ಬಳಿ ಹೋಗಿ ಹೇಳಿದಳು. ಅವರು ಪೆನ್ನಿಗೆ ಮುಚ್ಚಳ ಹಾಕಿದರು.

“ಅವನ ಅಕ್ಷರ ಅರ್ಥ ಆಗಲಿಲ್ಲ ಅಂದುಬಿಡಮ್ಮ. ನಕ್ಷೆ ತಿದ್ದಿದ್ರಾಯ್ತು, ನಿನ್ನ ಮರ್ಯಾದೆನೂ ಉಳಿಯುತ್ತೆ.”

ಒಂದು ಗಳಿಗೆ... ಒಂದೇ ಗಳಿಗೆ ಆ ಮಾತು ಅವಳಿಗೆ ಹಿತವೆನಿಸಿತು. ಅದಕ್ಕೂ ನಾಚಿಕೆಯಾಯಿತು.

ಸಭೆ ಮತ್ತೆ ಕೂಡಿದಾಗ ಅವಳು ಎದ್ದಳು.

“ಅವರನ್ನ ಒಳಗೆ ಕರೀರಿ. ಅವರೆದುರೇ ಹೇಳ್ಬೇಕು.”

ಅವನು ಬಂದು ಕೊನೆಯ ಕುರ್ಚಿಯಲ್ಲಿ ಕುಳಿತ.

“ತಪ್ಪು ನಂದು. ಅವರ ಅಂಕೆ ಸರಿ, ಅಕ್ಷರನೂ ಸರಿ. ನಾನು ತಲೆಕೆಳಗಾಗಿ ಓದಿದೆ. ಮೇಲಿಂದ ಅವರನ್ನೇ ಹೀಯಾಳಿಸಿದೆ...”

ಈಗ ಯಾರೂ ನಗಲಿಲ್ಲ. ಅವಳು ಒಂದೊಂದು ಹಳ್ಳದ ಬಣ್ಣ ಬದಲಿಸಿದಳು. ಎತ್ತರಿಸಬೇಕಾದ ಸೇತುವೆಗಳ ಪಟ್ಟಿಗೆ ಮೂರನೇ ಹಳ್ಳದ್ದೂ ಸೇರಿತು.

ಹೊರಗಿನ ಪಡಸಾಲೆಯಲ್ಲಿ ಅವನು ಕಾಯುತ್ತಿದ್ದ.

“ಬೈದುಬಿಡಿ... ನಿಮ್ಮ ಮುಖ ನೋಡೋ ಯೋಗ್ಯತೆನೂ ನನಗಿಲ್ಲ” ಎಂದಳು.

“ನಾಚಿಕೆ ಪಡೋ ಕೆಲಸ ನಾನೂ ಮಾಡಿದ್ದೀನಿ.”

“ನೀವಾ? ಏನು?”

“ಅಳತೆ ಪುಸ್ತಕ ತಿಂಗಳಿಗೊಮ್ಮೆ ತಂದು ತೋರಿಸಿದ್ರೆ ಸಾಕಿತ್ತು. ನಾನು... ವಾರಕ್ಕೆ ಮೂರು ಸಲ ಬರ್ತಿದ್ದೆ.”

ಅವಳ ಕಣ್ಣು ತುಂಬಿ ಬಂತು. ತಗ್ಗಿಸಿದ ತಲೆ ಎತ್ತಲಿಲ್ಲ.

“ಗೊತ್ತಿತ್ತು. ತಿಂಗಳಿಗೊಮ್ಮೆ ತಂದ್ರೆ ಸಾಕು ಅನ್ನೋ ಸುತ್ತೋಲೆ ಬರೆದವಳು ನಾನೇ ಅಲ್ವಾ...”

“ಮತ್ತೆ ಒಂದು ಮಾತು ಹೇಳಲೇ ಇಲ್ಲ?”

“ಹೇಳಿದ್ರೆ... ನೀವು ಬರೋದು ನಿಲ್ಲಿಸಿಬಿಡ್ತಿದ್ರಿ!”