ಮುಂದೂಡಿದ್ದು ಸದನ ಮಾತ್ರ

ಇದು ನಿಜವಾಗಿ ನಡೆದದ್ದು. ನಂಬಿಕೆ ಬಾರದಿದ್ದರೆ ಸದನದ ಕಡತ ತೆಗೆಸಿ ನೋಡಿ. ಕೊನೆಯ ಒಂದು ಪದ ಮಾತ್ರ ಅಲ್ಲಿ ಸಿಗುವುದಿಲ್ಲ. ಬರೆದುಕೊಂಡವಳೇ ಆ ಹಾಳೆ ಹರಿದು ಮನೆಗೆ ಒಯ್ದಿದ್ದಾಳೆ.

ಅವಳು ಸದನದ ಶೀಘ್ರಲಿಪಿಗಾರ್ತಿ. ಅವನು ಮೈಕಿನವನು. ಅಧಿವೇಶನದ ಹಿಂದಿನ ದಿನ ಖಾಲಿ ಸದನದಲ್ಲಿ ಮೈಕ್ ಪರೀಕ್ಷೆ. ಅವನು ಒಂದೊಂದೇ ಕುರ್ಚಿಯಲ್ಲಿ ಕೂತು, ಆ ಕುರ್ಚಿಯವರ ದನಿಯಲ್ಲೇ ಮಾತಾಡುತ್ತಾನೆ. ಅಧ್ಯಕ್ಷರ ಪೀಠಕ್ಕೆ ಬೆನ್ನು ಹಾಕಿ ಕೂತ ಅವಳು ಹೆಡ್‌ಫೋನಿನಲ್ಲಿ ಕೇಳಿಸಿದ್ದನ್ನೆಲ್ಲ ಬರೆದುಕೊಳ್ಳಬೇಕು.

"ಆ ಕಿವಿಯ ಹಸಿರು ಓಲೆ ಯಾರನ್ನು ಕೇಳಿ ಇಷ್ಟು ಚೆನ್ನಾಗಿದೆ? ಸರ್ಕಾರ ಉತ್ತರ ಕೊಡಲಿ," ಎಂದ, ವಿರೋಧ ಪಕ್ಷದ ನಾಯಕರ ಮೂಗುದನಿಯಲ್ಲಿ.

ತುಟಿ ಕಚ್ಚಿಕೊಂಡು ಅದನ್ನೂ ಬರೆದಳು. ಮೂರು ವರ್ಷದಲ್ಲಿ ನಲವತ್ತು ಜನರ ದನಿಯಲ್ಲಿ ಹೊಗಳಿದ್ದಾನೆ ಪುಣ್ಯಾತ್ಮ. ಸ್ವಂತ ದನಿಯಲ್ಲಿ "ಊಟ ಆಯ್ತಾ" ಅಂತಲೂ ಕೇಳಿಲ್ಲ.

ಇವತ್ತು ಅವಳಿಗೆ ನಗು ಬರಲಿಲ್ಲ. ನೋಟ್‌ಬುಕ್ಕಿನ ಕೆಳಗೆ ದೂರದೂರಿನ ಕೋರ್ಟಿಗೆ ವರ್ಗಾವಣೆಯ ಪತ್ರ. ಒಪ್ಪಿಗೆಯೋ ಇಲ್ಲವೋ, ಸಂಜೆ ಐದರೊಳಗೆ ಹೇಳಬೇಕು.

ಹಿಂದಿನ ಎರಡು ಸಾಲಿನ ಮೈಕುಗಳು ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ. ಆಮೇಲೆ ಹೆಡ್‌ಫೋನಿನಲ್ಲಿ ಅಧ್ಯಕ್ಷರ ಗಂಭೀರ ದನಿ, ನಡುವೆ ಅವರದೇ ಒಣಕೆಮ್ಮು:

"ನಾಳೆ ಆರಂಭವಾಗಬೇಕಿದ್ದ ಅಧಿವೇಶನವನ್ನು... ಉಹ್ಹು... ಒಂದು ವಾರ ಮುಂದೂಡಲಾಗಿದೆ."

ಅವಳು ತಲೆ ಎತ್ತದೆ ತನ್ನ ಮೈಕ್ ಒತ್ತಿದಳು. "ಸದನ ಮುಂದೂಡ್ಕೊಳ್ಳಿ, ನನ್ನ ವಿಷಯ ಸಾಕು. ಮೂರು ವರ್ಷ ಮುಂದೂಡಿದ್ದೀರಿ. ಐದು ಗಂಟೆಗೆ ವರ್ಗಾವಣೆಗೆ ಸಹಿ ಹಾಕ್ತೀನಿ. ಹೋಗ್ಲಾ, ಇರ್ಲಾ? ಅದನ್ನ ಹೇಳ್ರಿ ಮೊದ್ಲು."

ಕೊನೆಯ ಸಾಲಿನ ಕುರ್ಚಿಯಡಿಯಿಂದ ಮೈಕಿನವನ ತಲೆ ಮೇಲೆದ್ದಿತು. ಬಾಯಲ್ಲಿ ಟಾರ್ಚು.

ಅವನು ಅಲ್ಲಿದ್ದರೆ, ಪೀಠದಲ್ಲಿ ಯಾರು? ಅವಳು ಮೆಲ್ಲಗೆ ತಿರುಗಿದಳು. ಅಲ್ಲಿ ಅಸಲಿ ಅಧ್ಯಕ್ಷರೇ ಕೂತಿದ್ದರು. ಅವಳ ಮುಖ ಓಲೆಯಷ್ಟೇ ಹಸಿರಾಯಿತು.

"ಆ ಎರಡು ಸಾಲು ಕೆಟ್ಟಿದೆಯಲ್ಲಮ್ಮ, ಅದಕ್ಕೇ ಮುಂದೂಡಿದೆ," ಎಂದರು ಅಧ್ಯಕ್ಷರು. "ನಿನ್ನ ವಿಷಯ ಮುಂದೂಡೋಕೆ ನನಗೆ ಅಧಿಕಾರ ಇಲ್ಲ. ಸಂಬಂಧಪಟ್ಟವರು ಉತ್ತರಿಸಲಿ."

ಸಂಬಂಧಪಟ್ಟವನು ಎದ್ದು ನಿಂತ. ಬಾಯಿಂದ ಟಾರ್ಚು ತೆಗೆದ. ಗಾಬರಿಯಲ್ಲಿ ಅಭ್ಯಾಸಬಲ ಕೈಕೊಟ್ಟಿತು. ಅಧ್ಯಕ್ಷರ ಎದುರಿಗೇ ಅಧ್ಯಕ್ಷರ ದನಿ ಹೊರಬಿತ್ತು, ಕೆಮ್ಮಿನ ಸಮೇತ: "ಈ ವಿಷಯವನ್ನು... ಉಹ್ಹು... ಸದನವು ಗಂಭೀರವಾಗಿ..."

ಅಲ್ಲಿಗೆ ನಿಲ್ಲಿಸಿ ಕಣ್ಣು ಮುಚ್ಚಿಕೊಂಡ.

"ನಿಮ್ಮ ದನೀಲಿ," ಎಂದಳು ಅವಳು, ಮೆತ್ತಗೆ.

ಟಾರ್ಚು ಆರಿಸಿದ. ಮೈಕಿಲ್ಲದ ಸಾಲಿನಿಂದ, ತುಸು ಒಡಕಾದ, ಅವಳು ಎಂದೂ ಕೇಳಿರದ ದನಿ ಬಂತು.

"ಇರಿ."

ಅವಳು ಅದನ್ನು ಬರೆದುಕೊಂಡಳು. ಶೀಘ್ರಲಿಪಿಯಲ್ಲಿ ಅದು ಒಂದೇ ಗೆರೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಸಣ್ಣಗೆ ನಕ್ಕರು.

ಆದರೆ ಅವರ ನಗು ಯಾರಿಗೂ ಕೇಳಿಸಲಿಲ್ಲ. ಪೀಠದ ಮೈಕ್ ಆನ್ ಇತ್ತು. ತಮ್ಮ ಕೆಮ್ಮನ್ನು ಮೊದಲ ಸಲ ಹೊರಗಿನಿಂದ ಕೇಳಿದ ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.