ಅದಾಕುವಿನ ಒನಕೆ

ಹೆಂಡ ಇಳಿಸುವ ಹುಡುಗ ಅನೆನೆ, ತಾಳೆಮರ ಹತ್ತುವ ಮುಂಚೆ ಕೂಗಲೇಬೇಕು. ಮರದ ಮೇಲಿನವನಿಗೆ ಎಲ್ಲರ ಬಚ್ಚಲೂ ಕಾಣುತ್ತದೆ. ಮೀಯುವ ಹೆಂಗಸರು ಬಟ್ಟೆ ಸುತ್ತಿಕೊಳ್ಳಲಿ ಎಂದು ಊರು ಮಾಡಿದ ಕಟ್ಟಳೆ.

ಆ ಕೂಗೇ ಅದಾಕುವಿನ ಹೊಟ್ಟೆಗೆ ಕಿಚ್ಚಿಟ್ಟಿತ್ತು. ಪಕ್ಕದ ಮನೆಯ ನ್ಕಿರು ಇದ್ದಾಳಲ್ಲ, ಅವಳ ಹಿತ್ತಲಲ್ಲಿ ಅನೆನೆಯ ಕೂಗು ಹಾಡಾಗುತ್ತಿತ್ತು, ಅದೂ ಮೂರು ಮೂರು ಸಲ. ಅದಾಕುವಿನ ಹಿತ್ತಲಿಗೆ ಬಂದರೆ ಒಂದು ಕೆಮ್ಮೂ ಇಲ್ಲ. ಸುಮ್ಮನೆ ಹತ್ತಿ, ಹೆಂಡ ತುಂಬಿದ ಸೋರೆಬುರುಡೆ ಬಿಚ್ಚಿಕೊಂಡು, ಸುಮ್ಮನೆ ಇಳಿಯುತ್ತಿದ್ದ. ಆ ಮನೆಯಲ್ಲಿ ಹೆಣ್ಣೇ ಇಲ್ಲವೇನೋ ಎಂಬಂತೆ.

ಈಗ ನೋಡಿದರೆ, ಬರುವ ನ್ಕ್ವೊ ಸಂತೆಯ ದಿನ ಅವನಪ್ಪ ಹೆಣ್ಣು ಕೇಳಲು ಹೆಂಡ ಹೊತ್ತು ಹೊರಡುತ್ತಾನೆಂದು ಸುದ್ದಿ. ಯಾರ ಮನೆಗೆಂದು ಊರಿಗೆ ಗೊತ್ತಿಲ್ಲ. ಅದಾಕುವಿಗೆ ಮಾತ್ರ ಚೆನ್ನಾಗಿ ಗೊತ್ತು. ನ್ಕಿರು ಸೊಂಟಕ್ಕೆ ಹೊಸ ಮಣಿ ಪೋಣಿಸುವುದನ್ನು ಕಂಡಾಗಿನಿಂದ ಬೆಳಿಗ್ಗೆ ಗೆಣಸು ಕುಟ್ಟುವ ಅವಳ ಒನಕೆಯ ಏಟು ಜೋರಾಗಿತ್ತು.

ಸಂತೆಗೆ ಎರಡು ದಿನವಿರುವಾಗ ಹೊಳೆಯ ದಾರಿಯಲ್ಲಿ ಅನೆನೆ ಎದುರಾದ. ಅವಳು ಕೊಡ ಇಳಿಸಿದಳು.

“ನ್ಕಿರು ಮನೆ ಹತ್ರ ಗಂಟಲು ಹರ್ಕೊಂಡು ಹಾಡ್ತೀಯ. ನಮ್ಮನೇಲಿ ಹೆಂಗಸ್ರಿಲ್ವಾ? ಹಿರಿಯರಿಗೆ ಹೇಳಿ ದಂಡ ಹಾಕಿಸ್ತೀನಿ ನೋಡು.”

ಅವನು ತಡೆದುಕೊಂಡ ನಗು ಕೆನ್ನೆಯ ಗುಳಿಯಲ್ಲಿ ಕಂಡೇಬಿಟ್ಟಿತು.

“ಅಲ್ಲಿ ಅಷ್ಟೊತ್ತಿಗೆ ಮೀಯೋದು ಅವಳಜ್ಜಿ. ಕಿವಿ ಕೇಳಲ್ಲ. ‘ಸರಿ, ಹತ್ತಪ್ಪಾ’ ಅನ್ನೋವರ್ಗೂ ಕೂಗ್ಬೇಕು.”

“ನಮ್ಮನೇಲಿ?”

“ನಿಮ್ಮಮ್ಮ ಹೊಲಕ್ಕೆ ಹೋಗಿರ್ತಾರೆ. ನಿನ್ನ ಒನಕೆ ಸದ್ದು ಕೇಳ್ತಿದ್ರೆ ನೀನು ಬಚ್ಚಲಲ್ಲಿಲ್ಲ ಅಂತ ಅರ್ಥ. ಎರಡು ವರ್ಷದಿಂದ ಅದನ್ನ ಕೇಳ್ಕೊಂಡೇ ಹತ್ತೋದು. ಈ ವಾರ ಮಾತ್ರ ಒರಳೇ ಒಡೆಯೋ ಹಾಗಿತ್ತು. ಯಾರ ಮೇಲೆ ಕೋಪ?”

ಅವಳು ಕೊಡ ಎತ್ತಿಕೊಂಡು ನಡೆದಳು. ನಾಚಿಕೆಯಾಗಿತ್ತು, ಆದರೂ ಅನುಮಾನ ಹೋಗಲಿಲ್ಲ. ಹೆಂಡ ಯಾರ ಮನೆಗೆ ಎಂದು ಅವನು ಹೇಳಲೇ ಇಲ್ಲವಲ್ಲ.

ಮರುದಿನ ಬೆಳಿಗ್ಗೆ ಅವಳು ಒರಳಿನ ಮುಂದೆ ಒನಕೆ ಹಿಡಿದು ಕುಟ್ಟದೆ ನಿಂತಳು. ಮರದ ಬುಡದಲ್ಲಿ ಅವನ ಹೆಜ್ಜೆ ನಿಂತಿತು. ಒನಕೆಯ ಸದ್ದಿಗೆ ಕಾದ. ಆಮೇಲೆ ಆ ಹಿತ್ತಲಲ್ಲಿ ಮೊದಲ ಸಲ ಅವನ ಕೂಗು ಎದ್ದಿತು. ಅವಳು ಕದಲಲಿಲ್ಲ. ಇನ್ನೊಮ್ಮೆ ಕೂಗಿದ. ಊಹೂಂ. ಮೂರನೆಯ ಸಲ ಕೇರಿಯೆಲ್ಲ ಕಿವಿ ನಿಮಿರಿಸಿತು.

“ಅದಾಕು, ನಾಳೆ ನಮ್ಮಪ್ಪ ಹೆಂಡ ತರೋದು ನಿಮ್ಮನೆಗೇ. ಹತ್ಲಾ, ಬೇಡ್ವಾ?”

ಬೇಲಿಯಾಚೆ ನ್ಕಿರು ಕಿಸಕ್ಕನೆ ನಕ್ಕಳು. ಈ ಸಲ ಕಿವುಡಜ್ಜಿಗೂ ಕೇಳಿಸಿತ್ತು. ಬಚ್ಚಲೊಳಗಿಂದಲೇ “ಸರಿ, ಹತ್ತಪ್ಪಾ” ಎಂದಳು.

ಅದಾಕುವಿಗೆ ಮತ್ತೆ ಹೊಟ್ಟೆ ಉರಿಯಿತು. ತಾನು ಹೇಳಬೇಕಾದ ಮಾತನ್ನು ಆ ಮುದುಕಿ ಹೇಳಿಬಿಟ್ಟಿತಲ್ಲ. ಎರಡೂ ಕೈಯಲ್ಲಿ ಒನಕೆ ಎತ್ತಿ, ಖಾಲಿ ಒರಳಿಗೆ ಗಟ್ಟಿಯಾಗಿ ಒಂದೇಟು ಕುಟ್ಟಿದಳು.