ಗಾಜು ಒರೆಸಿದ ತೋಳು

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಭಾವ ಕೆರೆ ಪಾಲಾದ ಮೇಲೆ ಅವರ ಕ್ಯಾಮೆರಾದ ಫಿರಂಗಿಯಂಥ ಲೆನ್ಸನ್ನು ಅಕ್ಕ ನನಗೆ ಕೊಟ್ಟಳು. ಗಾಜಿಗೆ ಉಸಿರು ಊದಿ ಸ್ವೆಟರಿನ ತೋಳಲ್ಲಿ ಒರೆಸುವುದು ಅವರ ಚಾಳಿ. ಬಟ್ಟೆಯಲ್ಲಿ ಒರೆಸಿ ಅಂತ ನಾನು ಎಷ್ಟು ಬೈದರೂ ಬಿಡುತ್ತಿರಲಿಲ್ಲ.

ಮೊನ್ನೆ ಬೆಳಿಗ್ಗೆ ಅದೇ ಕೆರೆಯ ಅಟ್ಟಣಿಗೆಯಲ್ಲಿ, ಹಕ್ಕಿಗಳ ಫೋಟೋ ತೆಗೆಯಲು ಪರದೆಯ ಹಿಂದೆ ಒಬ್ಬನೇ ಕೂತಿದ್ದೆ. ಲೆನ್ಸಿನ ಮೂತಿ ಪರದೆಯಾಚೆ, ಆಳ ನೀರಿನ ಮೇಲೆ ಚಾಚಿತ್ತು. ಮಿಂಚುಳ್ಳಿ ಬಂದು ಕೂತ ಹೊತ್ತಿಗೇ ಗಾಜಿಗೆ ಹಬೆ ಕವಿದು ಎಲ್ಲ ಬೆಳ್ಳಗಾಯಿತು. ಆಮೇಲೆ ಆ ಬಿಳುಪು ನಡುವಿನಿಂದ ಸುತ್ತುಸುತ್ತಾಗಿ ತಿಳಿಯಾಗತೊಡಗಿತು.

"ಬಟ್ಟೆ ತಗೊಳ್ಳಿ ಭಾವ," ಅಂದುಬಿಟ್ಟೆ, ಅಭ್ಯಾಸಬಲಕ್ಕೆ.

ಹಕ್ಕಿ ಹಾರಿಹೋಯಿತು.

ಮನೆಯಲ್ಲಿ ಅಕ್ಕ ಗಾಜಿಗಂಟಿದ್ದ ನೀಲಿ ಉಣ್ಣೆಯ ಎಳೆಯೊಂದನ್ನು ಬಿಡಿಸಿದಳು. "ಇದು ನಾನು ಹೆಣೆದದ್ದು ಕಣೋ. ಇನ್ನೂ ಒದ್ದೆಯಿದೆಯಲ್ಲ?"

ಮುಳುಗಿದ ದಿನ ಆ ಸ್ವೆಟರ್ ಭಾವನ ಮೈಮೇಲಿತ್ತು. ಭಾವ ಇನ್ನೂ ಸಿಕ್ಕಿಲ್ಲ.